ಕಾವಿಗೊಂದು ಮನೆ

ಕೊಪ್ಪಳದ ನಮ್ಮ ಮನೆಯ ಎದುರಿನ ವಿದ್ಯುತ್ ತಂತಿಯ ಮೇಲೆ ಕೆಲವು ದಿನಗಳಿಂದ ಒಂದು ವಿಚಿತ್ರ ಸಂಸಾರ ನಡೆದಿದೆ. ತಲೆಯ ಮೇಲೆ ಪುಟ್ಟ ಜುಟ್ಟು, ಕಪ್ಪು ಬೆನ್ನು, ಮಾಸಿದ ಬಿಳಿಯ ಹೊಟ್ಟೆ ಇರುವ ಒಂದು ಮರಿ ರೆಕ್ಕೆ ನಡುಗಿಸುತ್ತ, ಬಾಯಿ ತೆರೆದುಕೊಂಡು, ತನ್ನ ಹಸಿವನ್ನು ಇಡೀ ಓಣಿಗೆ ಸಾರುತ್ತಿರುತ್ತದೆ. ಅದಕ್ಕೆ ಉಣಿಸಲು ಬರುವ ಹಕ್ಕಿಗಳಿಗೆ ಜುಟ್ಟೂ ಇಲ್ಲ, ಕಪ್ಪೂ ಇಲ್ಲ. ಅವು ಮಣ್ಣಿನ ಬಣ್ಣದ ಹರಟೆಮಲ್ಲಗಳು. ಗುಂಪುಗುಂಪಾಗಿ ನೆಲದ ಮೇಲೆ ಕುಪ್ಪಳಿಸುತ್ತ, ಒಂದರ ಮಾತನ್ನು ಇನ್ನೊಂದು ಮುಗಿಸಲು ಬಿಡದೆ ದಿನವಿಡೀ ವಾದಿಸುವ ಹಕ್ಕಿಗಳು. ಮೂವತ್ತು ವರ್ಷ ಹೈಸ್ಕೂಲಿನ ಶಿಕ್ಷಕರ ಕೊಠಡಿಯಲ್ಲಿ ಕುಳಿತವಳಾದ್ದರಿಂದ ಈ ಪಕ್ಷಿಯ ಸ್ವಭಾವ ನನಗೆ ಮೊದಲ ನೋಟಕ್ಕೇ ಪರಿಚಿತವೆನಿಸಿತು.

ಮರಿಯ ಪರಿಚಯವಾಗಲು ಮಾತ್ರ ಪುಸ್ತಕ ತೆರೆಯಬೇಕಾಯಿತು. ತೆರೆದ ಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಅದು ಚಾತಕ. ಬಿದ್ದ ನೀರನ್ನು ಮುಟ್ಟದೆ ಆಕಾಶದ ಹನಿಗಾಗಿಯೇ ಕೊರಳೆತ್ತಿ ಕಾಯುವ ಪಕ್ಷಿಯೆಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಬಣ್ಣಿಸಿದ್ದು ಇದನ್ನೇ. ಹಂಬಲವೇ ರೆಕ್ಕೆ ಮೂಡಿಸಿಕೊಂಡು ಬಂದಂತೆ ಎಂದು ಕರಿಹಲಗೆಯ ಮುಂದೆ ನಿಂತು ಕಣ್ಣು ಅರೆಮುಚ್ಚಿ ಹೇಳಿದ್ದೂ ಇದೆ. ಆ ಮಹಾಪಕ್ಷಿ ಈಗ ನನ್ನ ಕಣ್ಣೆದುರಿಗೇ, ಹರಟೆಮಲ್ಲವೊಂದು ಗಂಟಲಿಗೆ ತುರುಕಿದ ಕಂಬಳಿಹುಳವನ್ನು ನುಂಗಿ, ಇನ್ನೊಂದಕ್ಕೆ ಬಾಯಿ ತೆರೆಯುತ್ತಿದೆ.

ಕೋಗಿಲೆಯ ಮಾತು ಎಲ್ಲರಿಗೂ ಗೊತ್ತು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಅದಕ್ಕೆ ಹಿರಿಯರು ಪರಭೃತವೆಂದು, ಪರರಿಂದ ಪೋಷಿತವೆಂದು ಹೆಸರಿಟ್ಟರು. ಚಾತಕವೂ ಅದೇ ಬಳಗದ್ದು. ಆದರೆ ಕೋಗಿಲೆ ಹರಟೆಮಲ್ಲನ ಕಡೆ ತಿರುಗಿ ನೋಡುವುದಿಲ್ಲ, ನಮ್ಮ ಕಡೆಯ ಚಾತಕ ಕಾಗೆಯ ಗೊಡವೆಗೆ ಹೋಗುವುದಿಲ್ಲ. ಇಷ್ಟು ಹಕ್ಕಿಗಳಿರುವ ಲೋಕದಲ್ಲಿ, ಇಷ್ಟು ಗೂಡುಗಳ ನಡುವೆ, ತನ್ನ ಮೊಟ್ಟೆಗೆ ಇದೇ ಮನೆಯಾಗಬೇಕೆಂದು ಅದು ಹೇಗೆ ನಿಶ್ಚಯಿಸುತ್ತದೆ?

ಬಲ್ಲವರು ಇದಕ್ಕೆ ಹಲವು ಕಾರಣ ಕೊಡುತ್ತಾರೆ. ಹರಟೆಮಲ್ಲನ ಮೊಟ್ಟೆ ತಿಳಿನೀಲಿ, ಚಾತಕದ್ದೂ ತಿಳಿನೀಲಿ, ಬೆರೆಸಿಟ್ಟರೆ ಎಣಿಸುವವರಿಲ್ಲ. ಅದರ ಊಟ ಹುಳಹುಪ್ಪಟೆ, ಇದಕ್ಕೂ ಅದೇ ಬೇಕು. ಗೂಡಿನವರನ್ನು ಗಂಡು ಚಾತಕ ಕೆಣಕಿ ಅತ್ತ ಸೆಳೆದುಕೊಂಡು ಹೋದರೆ ಹೆಣ್ಣು ಇತ್ತ ಬಂದು ಕ್ಷಣದಲ್ಲಿ ಮೊಟ್ಟೆಯಿಟ್ಟು ಹಾರುತ್ತದೆ. ಇಟ್ಟ ಮೊಟ್ಟೆ ಮನೆಯವರ ಮೊಟ್ಟೆಗಿಂತ ಮುಂಚೆಯೇ ಒಡೆಯುತ್ತದೆ, ಆದ್ದರಿಂದ ಮೊದಲ ತುತ್ತು ಬಂದವರಿಗೇ. ಇವೆಲ್ಲ ಜಾಣತನದ ಲೆಕ್ಕಗಳು. ಓದುವಾಗ ಒಬ್ಬ ನುರಿತ ಕಳ್ಳನ ದಿನಚರಿಯಂತೆ ರುಚಿಸಿದವು. ಆದರೆ ಕೊನೆಗೆ, ಪೂರ್ತಿ ಖಚಿತವಿಲ್ಲವೆಂಬ ಸಂಕೋಚದೊಡನೆ, ಇನ್ನೊಂದು ಮಾತನ್ನೂ ಅವರು ಸೇರಿಸುತ್ತಾರೆ. ಹೆಣ್ಣು ಮರಿ ತಾನು ಕಣ್ಣು ಬಿಟ್ಟಾಗ ಕಂಡ ರೂಪವನ್ನು, ತನಗೆ ಉಣಿಸಿದವರ ದನಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತದಂತೆ. ದೊಡ್ಡದಾಗಿ ತಾನೂ ಮೊಟ್ಟೆಯಿಡುವ ಕಾಲ ಬಂದಾಗ ಅದೇ ದನಿಯವರನ್ನು ಹುಡುಕಿಕೊಂಡು ಬರುತ್ತದಂತೆ.

ಆ ಸಾಲನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಗಂಗಾವತಿ ಸೀಮೆಯ ಒಂದು ಬೇಸಿಗೆ ನೆನಪಾಗಿ ಮುಂದಕ್ಕೆ ಓದಲಾಗಲಿಲ್ಲ. ಅದನ್ನು ಎಷ್ಟು ಸಾಧ್ಯವೋ ಅಷ್ಟು ಸರಿಯಾಗಿ, ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಕೊಪ್ಪಳ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸರಕಾರಿ ಫಲಕಗಳಲ್ಲಿ ಹೊಸ ಬಣ್ಣದ ಕೆಳಗಿನಿಂದ ರಾಯಚೂರು ಎಂಬ ಹಳೆಯ ಹೆಸರು ಇಣುಕುತ್ತಿದ್ದ ಕಾಲ. ನಾನು ಯಲಬುರ್ಗಾ ಕಡೆಯ ಎರೆಹೊಲದವಳು. ಜೋಳ, ಕಡಲೆ, ಬಿಟ್ಟರೆ ಗಾಳಿ, ಇವುಗಳ ನಡುವೆ ಬೆಳೆದವಳು. ಗಂಡನಿಗೆ ಕುಷ್ಟಗಿಯಲ್ಲಿ ನೌಕರಿ. ನನಗೆ ವರ್ಗವಾದದ್ದು ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯ ಒಂದು ಹಳ್ಳಿಗೆ. ಒಂದು ಕಡೆ ಬಂಡೆಗಳ ಮೇಲೆ ಬಂಡೆ ಪೇರಿಸಿದ ಗುಡ್ಡ, ಇನ್ನೊಂದು ಕಡೆ ಕಾಲುವೆ, ನಡುವೆ ಕಣ್ಣು ಹರಿಯುವಷ್ಟೂ ಭತ್ತ. ಅಷ್ಟು ನೀರನ್ನು ಒಟ್ಟಿಗೆ ಕಂಡದ್ದು ಅದೇ ಮೊದಲಾದ್ದರಿಂದ, ಮೊದಲ ತಿಂಗಳು ನನಗೆ ಯಾರದೋ ಮನೆಯಲ್ಲಿ ನಲ್ಲಿ ಬಿಟ್ಟು ಮರೆತಿದ್ದಾರೆಂಬ ಕಳವಳವೇ ಇತ್ತು.

ನಾನು ಬಾಡಿಗೆಗೆ ಇದ್ದದ್ದು ಹುಲಿಗೆವ್ವನ ಮನೆಯ ಪಕ್ಕದ ಕೋಣೆಯಲ್ಲಿ. ನನಗಿಂತ ಸ್ವಲ್ಪ ಹಿರಿಯಳು. ಗಂಡ, ಇಬ್ಬರು ಮಕ್ಕಳು, ಅತ್ತೆ ನಾಗವ್ವ. ಒಲೆ ನನಗೂ ಇತ್ತು. ಆದರೆ ಶಾಲೆಯಿಂದ ಬಂದು ಬೀಗ ತೆಗೆಯುವ ಸದ್ದು ಕೇಳಿದೊಡನೆ ಗೋಡೆಯ ಮೇಲಿನಿಂದ ರೊಟ್ಟಿ, ಪಲ್ಯ, ಕೆಲವೊಮ್ಮೆ ಬಿಸಿ ಅನ್ನ ತಾನೇ ಇಳಿದುಬರುತ್ತಿತ್ತು. ನನ್ನ ಒಲೆ ಕ್ರಮೇಣ ಚಹಾದ ಮಟ್ಟಕ್ಕೆ ಇಳಿಯಿತು. ಪರಭೃತವೆಂಬ ಪದವನ್ನು ಇನ್ನೊಬ್ಬರಿಗೆ ಅಂಟಿಸುವ ಅಧಿಕಾರ ನನಗಿಲ್ಲವೆಂದು ಇದರಿಂದ ನೀವು ತಿಳಿಯಬಹುದು.

ಬೇಸಿಗೆಯ ಬೆಳೆ ಕೊಯ್ಲಾದ ಮೇಲೆ ಆ ಕಡೆಯ ಗದ್ದೆಗಳಿಗೆ ಬಾತುಗಳು ಬರುತ್ತವೆ. ನೆಲ್ಲೂರು ಸೀಮೆಯ ಜನ ನೂರಾರು ಬಾತುಗಳನ್ನು ಹೊಡೆದುಕೊಂಡು ಬಂದು, ಉದುರಿದ ಕಾಳು, ಹುಳ, ಬಸವನಹುಳ ಮೇಯಿಸುತ್ತಾರೆ; ಸಂಜೆ ಬಲೆಯ ಬೇಲಿಯೊಳಗೆ ಕೂಡಿಹಾಕಿ, ಪಕ್ಕದಲ್ಲೇ ತಾಡಪಾಲಿನ ಗುಡಿಸಲು ಹಾಕಿ ಮಲಗುತ್ತಾರೆ; ಒಂದು ಊರಿನ ಗದ್ದೆ ಬರಿದಾದರೆ ಮುಂದಿನ ಊರಿಗೆ. ಆ ವರ್ಷ ನಮ್ಮ ಊರಿಗೆ ಬಂದವರು ಸುಬ್ಬಯ್ಯ ಮತ್ತು ಅವನ ಹೆಂಡತಿ ಪೋಲಮ್ಮ. ಅಷ್ಟು ಬಾತುಗಳು ಕೋಲಿನ ಒಂದು ತುದಿಯ ಸನ್ನೆಗೆ ರಸ್ತೆ ದಾಟುವುದನ್ನು ನೋಡಿ ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯ ಸಾಲುಗಳನ್ನು ನೆನೆದು ನನಗೆ ಅಸೂಯೆಯಾಯಿತು.

ಸಾಕಿದ ಬಾತಿಗೆ ಒಂದು ದೋಷವಿದೆ. ಅದು ಮೊಟ್ಟೆ ಇಡುತ್ತದೆ, ಇಟ್ಟು ಎದ್ದು ನಡೆಯುತ್ತದೆ. ಕಾವು ಕೂರುವುದನ್ನು ಅದರ ಕುಲ ಎಂದೋ ಮರೆತಿದೆ. ಹಾಗಾಗಿ ಹಿಂಡು ಬೆಳೆಯಬೇಕಾದರೆ ಬಾತಿನ ಮೊಟ್ಟೆಯನ್ನು ಕೋಳಿಯ ಕೆಳಗೆ ಇಡಬೇಕು. ಅಲೆದಾಡುವವರ ಬಳಿ ಕೋಳಿ ಎಲ್ಲಿಂದ? ಊರವರ ಕೋಳಿಯೇ ಗತಿ. ಹುಟ್ಟಿದ ಮರಿಗಳಲ್ಲಿ ಮನೆಯವರಿಗೆ ಪಾಲು. ಚಾತಕ ತನಗಾಗಿ ಮಾಡುವುದನ್ನು ಇಲ್ಲಿ ಬಾತಿನ ಪರವಾಗಿ ಪೋಲಮ್ಮ ಮಾಡುತ್ತಿದ್ದಳು, ಬಾಗಿಲಲ್ಲಿ ನಿಂತು, ಕೇಳಿ.

ಶಾಲೆಗೆ ರಜೆ ಬಿದ್ದಿದ್ದರೂ ನಾನು ಊರಿಗೆ ಹೋಗಿರಲಿಲ್ಲ. ಮಕ್ಕಳ ಗಣತಿಯ ಕೆಲಸ ಹಚ್ಚಿದ್ದರು. ಯಾವ ಮನೆಯಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟೆಂದು ನಾನು ಓಣಿ ಓಣಿ ತಿರುಗುತ್ತಿದ್ದೆ. ಯಾವ ಮನೆಯಲ್ಲಿ ಕಾವಿಗೆ ಕೂತ ಕೋಳಿಯಿದೆಯೆಂದು ಪೋಲಮ್ಮ. ಒಂದೇ ಕಟ್ಟೆಯ ಮೇಲೆ ಇಬ್ಬರೂ ಕೂತು ನೀರು ಕುಡಿದದ್ದು ಹಲವು ಬಾರಿ. ನನ್ನನ್ನು ಕಂಡರೆ ಜನ ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು, ಅವಳನ್ನು ಕಂಡರೆ ಕೋಳಿಯನ್ನು ಹೊರಗೆ ತರುತ್ತಿದ್ದರು. ನಮ್ಮಿಬ್ಬರಲ್ಲಿ ಊರಿನ ವಿಶ್ವಾಸ ಯಾರಿಗಿತ್ತೆಂಬುದು ಸ್ಪಷ್ಟ.

ಹೀಗಿದ್ದೂ ಅವಳು ಬಹಳ ಕೋಳಿಗಳನ್ನು ಬೇಡವೆಂದಳು. ಕಾವಿನ ಬುಟ್ಟಿಯಲ್ಲಿ ಕೋಳಿಯ ಕೆಳಗೆ ಮೆಲ್ಲಗೆ ಕೈ ಹಾಕುತ್ತಿದ್ದಳು. ಹಾರಿ ಓಡಿದ ಕೋಳಿ ಬೇಡ. ಕುಕ್ಕದೆ ಸುಮ್ಮನೆ ಕುಳಿತದ್ದೂ ಬೇಡ, ಅದಕ್ಕೆ ಹೇನೋ ಜ್ವರವೋ ಇರುತ್ತದೆ. ಕುಕ್ಕಿ, ಗೊಣಗಿ, ಮತ್ತೆ ಗರಿ ಕೆದರಿ ಕುಳಿತದ್ದಾದರೆ ಮುಂದಿನ ಪರೀಕ್ಷೆಗೆ ಅರ್ಹ. ಆ ಮುಂದಿನ ಪರೀಕ್ಷೆ ಕೋಳಿಗಲ್ಲ. ಅವಳು ಕಟ್ಟೆಯ ಮೇಲೆ ಕೂತು ಊರಿನ ಮಾತು ಈ ಮಾತು ಆಡುತ್ತ, ಮನೆಯಾಕೆ ಎಷ್ಟು ಬಾರಿ ಎದ್ದು ಹೋಗಿ ಬುಟ್ಟಿಯ ಮುಚ್ಚಳ ಎತ್ತಿ ನೋಡುತ್ತಾಳೆಂಬುದನ್ನು ಗಮನಿಸುತ್ತಿದ್ದಳು. ಹುಲಿಗೆವ್ವ ಒಮ್ಮೆಯೂ ಏಳಲಿಲ್ಲ. ಊರಿಗೆಲ್ಲ ಅವಳ ಮೂರು ಕೋಳಿಗಳು ಮಾತ್ರ ಆಯ್ಕೆಯಾದವು. ನಾನು ಕಾರಣ ಕೇಳಿದ್ದಕ್ಕೆ ಪೋಲಮ್ಮ ತನ್ನ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, “ಕೋಳಿ ಕಾದು ಅಕ್ಕಾ, ಮನಿಯಾಕಿನ್ನ ಚೂಡಾಲಿ” ಎಂದಳು. ಕೋಳಿಯನ್ನಲ್ಲ, ಮನೆಯಾಕೆಯನ್ನು ನೋಡಬೇಕು.

ಒಳಗಿನಿಂದ ನಾಗವ್ವ ಕೇಳಿಸಿಕೊಂಡು, “ಹಂಗಾದ್ರ ನನ್ನ ಮಗಗ ಹೆಣ್ಣು ನೋಡಾಕ ನಿನ್ನ ಕರಕೊಂಡು ಹೋಗಬೇಕಿತ್ತು ಬಿಡವ್ವ” ಎಂದಳು. ಸೊಸೆ ನಕ್ಕಳು. ಅದು ಬೈಗುಳವೋ ಮೆಚ್ಚುಗೆಯೋ ಎಂದು ನಾನು ಇನ್ನೂ ನಿರ್ಧರಿಸಿಲ್ಲ.

ಈ ಎಲ್ಲ ಪರೀಕ್ಷೆಗೂ ಕಾರಣವಿತ್ತು. ಕೋಳಿಯ ಮೊಟ್ಟೆ ಮೂರು ವಾರಕ್ಕೆ ಒಡೆಯುತ್ತದೆ. ಬಾತಿನದಕ್ಕೆ ನಾಲ್ಕು ವಾರ ಬೇಕು. ತನ್ನ ಅವಧಿ ಮುಗಿದ ಮೇಲೂ, ಒಳಗಿನಿಂದ ಸದ್ದಿಲ್ಲದಿದ್ದರೂ, ಇನ್ನೊಂದು ವಾರ ಹಸಿದು ಕೂರುವ ಕೋಳಿ ಬೇಕು. ಅದನ್ನು ಹಾಗೆಯೇ ಕೂರಲು ಬಿಡುವ ಮನೆಯೂ ಬೇಕು. ಚಾತಕಕ್ಕೆ ಅವಸರ, ಅದು ತನ್ನ ಮೊಟ್ಟೆ ಬೇಗ ಒಡೆಯುವಂಥ ಮನೆ ನೋಡಿಕೊಳ್ಳುತ್ತದೆ. ಪೋಲಮ್ಮ ಹುಡುಕುತ್ತಿದ್ದದ್ದು ಮೋಸಹೋಗುವವರನ್ನಲ್ಲ, ತಾಳುವವರನ್ನು.

ಮೊಟ್ಟೆ ಇಟ್ಟ ಮೇಲೆ ಬಾತುಗಳು ಸಾಣಾಪುರದ ಕಡೆಯ ಗದ್ದೆಗಳಿಗೆ ಹೋದವು. ಪೋಲಮ್ಮ ಮಾತ್ರ ಎರಡು ದಿನಕ್ಕೊಮ್ಮೆ ನಡೆದು ಬರುತ್ತಿದ್ದಳು. ಬುಟ್ಟಿ ನೋಡುವ ನೆಪ. ಬಂದರೆ ಸಂಜೆಯವರೆಗೆ ಹುಲಿಗೆವ್ವನ ಜೊತೆ ಅಕ್ಕಿ ಆರಿಸುತ್ತ ಕೂರುವಳು. ಇಬ್ಬರಿಗೂ ಅರ್ಥವಾಗುವ ಮಾತು ಕಡಿಮೆ ಇತ್ತು, ಮಾತಾಡುವುದು ಮಾತ್ರ ಕಡಿಮೆಯಿರಲಿಲ್ಲ. ಒಬ್ಬಳು ತೆಲುಗಿನಲ್ಲಿ ಹೇಳಿ ಮುಗಿಸಿದರೆ ಇನ್ನೊಬ್ಬಳು ಕನ್ನಡದಲ್ಲಿ ಬೇರೆಯೇ ಕಥೆ ಹೇಳುವಳು. ಇಬ್ಬರೂ ಸರಿಯಾದ ಜಾಗದಲ್ಲಿ ನಿಟ್ಟುಸಿರು ಬಿಡುವರು. ಮದುವೆಯಾಗಿ ಬಂದ ಮೇಲೆ ಹುಲಿಗೆವ್ವನಿಗೆ ಆ ಊರಲ್ಲಿ ಗೆಳತಿಯೆಂದು ಯಾರೂ ಇರಲಿಲ್ಲವೆಂಬುದು, ಗೆಳತಿ ದೊರೆತ ಮೇಲೆ ನನಗೆ ಗೊತ್ತಾಯಿತು.



ಒಂದು ಬೆಳಿಗ್ಗೆ ಬಿಸಿಲೇರುವ ಮುನ್ನ ಗಣತಿ ಮುಗಿಸೋಣವೆಂದು ಕಾಲುವೆಯ ದಂಡೆ ಹಿಡಿದು ಸಾಣಾಪುರದ ಕಡೆ ಹೋಗುತ್ತಿದ್ದೆ. ದೂರದಲ್ಲಿ ಕೊಯ್ದ ಗದ್ದೆಯ ತುಂಬ ಬಾತುಗಳು ಕುಳಿತಿದ್ದವು. ಮೇಯುವ ಹೊತ್ತಿನಲ್ಲಿ ಬಾತು ಕೂರುವುದಿಲ್ಲ. ಆ ಅರಿವು ನನಗೆ ಆಗ ಇರಲಿಲ್ಲ. ನನಗೆ ಮೊದಲು ತಟ್ಟಿದ್ದು ಸದ್ದಿಲ್ಲದಿರುವುದು. ಅಷ್ಟು ಬಾತುಗಳಿರುವ ಕಡೆ ಎಷ್ಟು ದೂರಕ್ಕೂ ಗದ್ದಲ ಕೇಳಿಸುತ್ತದೆ. ಹತ್ತಿರ ಹೋದಾಗ ಕೊರಳುಗಳು ನೆಲದ ಮೇಲೆ ಉದ್ದಕ್ಕೆ ಬಿದ್ದಿರುವುದು ಕಂಡಿತು. ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಒಂದು ಎದ್ದು ನಿಂತು, ತನ್ನ ಸುತ್ತಲೇ ಎರಡು ಸುತ್ತು ತಿರುಗಿ, ಬದುವಿಗೆ ತಲೆಯಿಟ್ಟು ಮಲಗಿತು. ಸುಬ್ಬಯ್ಯ ಒಂದು ಬಾತಿನ ಕೊಕ್ಕು ಬಿಡಿಸಿ ಹುಣಸೆನೀರು ಹೊಯ್ಯುತ್ತಿದ್ದ. ಅದು ಆಗಲೇ ಸತ್ತಿತ್ತು, ಅವನು ಹೊಯ್ಯುತ್ತಲೇ ಇದ್ದ. ಪೋಲಮ್ಮ ಕೋಲು ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ. ಗದ್ದೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೋಡುತ್ತಿದ್ದಳು, ಹಿಂಡು ಸರಿಯಾಗಿ ಒಂದೆಡೆ ಇದೆಯೇ ಎಂದು ಪ್ರತಿದಿನ ನೋಡುವ ಹಾಗೆ.

ಮೇಲಿನ ಯಾವುದೋ ಗದ್ದೆಗೆ ಹುಳಕ್ಕೆಂದು ಹಾಕಿದ ಗುಳಿಗೆ ಔಷಧ ನೀರಿನೊಡನೆ ಕೆಳಗಿಳಿದಿತ್ತು. ಯಾರ ಗದ್ದೆಯದೆಂದು ಯಾರೂ ಹೇಳಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಮಧ್ಯಾಹ್ನದೊಳಗೆ ಊರ ಗಂಡಸರು ಗುಂಡಿ ತೋಡಿ ಕೊಟ್ಟರು. ನಾನೂ ಬಾತುಗಳನ್ನು ಹೊತ್ತೆ. ಸತ್ತ ಬಾತು ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

ಗುಂಡಿ ಮುಚ್ಚಿದ ಮೇಲೆ ಪೋಲಮ್ಮ ನೇರವಾಗಿ ಹುಲಿಗೆವ್ವನ ಮನೆಗೆ ಬಂದಳು. ಅವಳ ಹಿಂಡಿನದೆಂದು ಲೋಕದಲ್ಲಿ ಇನ್ನು ಉಳಿದಿದ್ದದ್ದು ಆ ಮೂರು ಬುಟ್ಟಿಗಳ ಮೊಟ್ಟೆಗಳು ಮಾತ್ರ. ಅತ್ತೆಯ ಅತ್ತೆಯ ಕಾಲದಿಂದ ಅವರದು ಅದೇ ತಳಿ. ಅವು ಒಡೆದರೆ ಮತ್ತೆ ಹಿಂಡು. ಒಡೆಯದಿದ್ದರೆ ಗಂಡ ಹೆಂಡತಿ ಇಬ್ಬರೂ ಯಾವುದೋ ಊರಿನ ಇಟ್ಟಿಗೆ ಭಟ್ಟಿಯ ಆಳುಗಳು. ಕೆಲಸ ವಿಚಾರಿಸಿ ಬರುತ್ತೇನೆಂದು ಸುಬ್ಬಯ್ಯ ತನ್ನ ಸೀಮೆಗೆ ಹೋದ. ಪೋಲಮ್ಮ ಹುಲಿಗೆವ್ವನ ಪಡಸಾಲೆಯಲ್ಲಿ ಉಳಿದಳು. ಬುಟ್ಟಿಯ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಮುಚ್ಚಳ ಎತ್ತಿ ನೋಡುವವರ ಮನೆ ಬೇಡವೆಂದವಳಲ್ಲವೇ ಅವಳು. ಗೋಡೆಗೆ ಒರಗಿ ಕೂತು ಬೇರೆ ಕಡೆ ನೋಡುತ್ತಿದ್ದಳು. ಕಿವಿ ಮಾತ್ರ ಬುಟ್ಟಿಯ ಕಡೆ ಇರುತ್ತಿತ್ತು.

ಮೊಟ್ಟೆ ಇಟ್ಟು ಮೂರು ವಾರ ಕಳೆದವು. ಕೋಳಿಗಳು ಒಣಗಿ ಕಡ್ಡಿಯಾದವು, ಜುಟ್ಟು ಬಿಳಿಚಿತು. ಒಂದು ಬೆಳಿಗ್ಗೆ ಹುಲಿಗೆವ್ವ, ಪೋಲಮ್ಮ, ನಾನು ಮೂವರೂ ಸಂತೆಗೆಂದು ಗಂಗಾವತಿಗೆ ಹೋದೆವು. ಬರುವಷ್ಟರಲ್ಲಿ ಮಧ್ಯಾಹ್ನ. ಬೇವಿನ ಗಿಡದ ಕೆಳಗೆ ಮೂರು ಕೋಳಿಗಳು ತೊಯ್ದು ಮುದ್ದೆಯಾಗಿ, ಕಾಲಿಗೆ ದಾರ ಕಟ್ಟಿಸಿಕೊಂಡು ನಿಂತಿದ್ದವು. ಕೋಳಿಯ ಕಾವು ಬಿಡಿಸಬೇಕಾದರೆ ಆ ಕಡೆ ಮಾಡುವುದು ಹೀಗೆ: ನೀರಿನಲ್ಲಿ ಮುಳುಗಿಸಿ ತೆಗೆದು ಹೊರಗೆ ಕಟ್ಟುತ್ತಾರೆ, ಮೈ ತಂಪಾದರೆ ಮನಸ್ಸು ಗೂಡನ್ನು ಮರೆಯುತ್ತದೆ. ಮಾಡಿದ್ದು ನಾಗವ್ವ. ಕೇಡಿನಿಂದಲ್ಲ, ಕರುಣೆಯಿಂದ. ಕೋಳಿಗಳ ಮುಂದೆ ಕಾಳು ಚೆಲ್ಲಿ, ತಿನ್ನಿರೆಂದು ಪಕ್ಕದಲ್ಲಿ ಕೂತು ಉಪಚಾರ ನಡೆಸಿದ್ದಳು. ಸೊಸೆಯ ಮುಖ ನೋಡಿ ಅವಳಿಗೆ ಏನೋ ತಪ್ಪಿದೆಯೆಂದು ಗೊತ್ತಾಯಿತು.

“ನಾಲ್ಕು ವಾರ ಅಂತ ಹೇಳಿದ್ನೆಲ್ಲ ಅತ್ತಿ” ಎಂದಳು ಹುಲಿಗೆವ್ವ. ದನಿ ಏರಿರಲಿಲ್ಲ.

“ನನಗ ಹೇಳೀದಿ” ಎಂದಳು ನಾಗವ್ವ. “ನಾಲ್ಕಂತ ಆ ಕೋಳಿಗೆ ಯಾರು ಹೇಳ್ಯಾರ? ಕೂಳಿಲ್ಲ ನೀರಿಲ್ಲ, ತನ್ನ ಲೆಕ್ಕ ಮುಗದೈತಿ, ಒಳಗ ಪಿಟಕ್ ಅನ್ನವಲ್ದು. ಆ ಜೀವದ ಸಂಕಟ ನೋಡ್ಕೊಂತ ಹೆಂಗ ಕುಂದ್ರಲಿ?”

 

ಪೋಲಮ್ಮ ಬುಟ್ಟಿಯಿಂದ ಒಂದು ಮೊಟ್ಟೆ ತೆಗೆದು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಂಡಳು. ಕಾವು ಸರಿಯಿದೆಯೇ ಎಂದು ಅವರು ನೋಡುವ ರೀತಿ ಅದು. ಮೊಟ್ಟೆ ತಣ್ಣಗಾಗಿರಲಿಲ್ಲ. ನೀವು ಮೇ ತಿಂಗಳಲ್ಲಿ ಗಂಗಾವತಿಗೆ ಬಂದಿದ್ದರೆ ಕಾರಣ ಹೇಳಬೇಕಾಗಿಲ್ಲ. ನಾವೆಲ್ಲ ದಿನವೂ ಶಪಿಸುತ್ತಿದ್ದ ಆ ಬಿಸಿಲು, ತಗಡಿನ ಕೆಳಗೆ ಒಲೆಯಂತಾಗುತ್ತಿದ್ದ ಆ ಪಡಸಾಲೆ, ಕೋಳಿ ಎದ್ದುಹೋದ ಮೇಲೆ ತಾನೇ ಕಾವು ಕೂತಿತ್ತು. ಭಯ ಬೇರೆ ಕಡೆಯಿಂದ ಇತ್ತು: ಒಳಗಿನದು ಬೆಂದಿರಬಹುದು.

ಅವಳು ಅಗಲವಾದ ಬೋಗುಣಿಯಲ್ಲಿ ಉಗುರುಬೆಚ್ಚನೆಯ ನೀರು ತರಿಸಿದಳು. ಮೊಟ್ಟೆಗಳನ್ನು ಒಂದೊಂದಾಗಿ ನೀರಿನ ಮೇಲೆ ಬಿಟ್ಟಳು. ಒಳಗೆ ಜೀವವಿದ್ದರೆ ತೇಲುವ ಮೊಟ್ಟೆ ತುಸು ಅಲುಗುತ್ತದೆ. ನೀರು ನಿಲ್ಲುವವರೆಗೆ ಕಾಯಬೇಕು. ಮೊದಲನೆಯದು ಅಲುಗಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದನ್ನು ಬಿಟ್ಟಾಗ ನೀರು ನಿಂತಿತು, ನಿಂತ ಮೇಲೆ ಮೊಟ್ಟೆ ಒಂದು ಬದಿಗೆ ವಾಲಿ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ, ಸ್ವಲ್ಪವೇ ತಿರುಗಿತು. ಬೋಗುಣಿಯ ಅಂಚಿಗೆ ಸಣ್ಣದೊಂದು ಅಲೆ ಬಂದು ಮುಟ್ಟಿತು. ನಾಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಲುಗಿದವನ್ನು ಒಂದು ಕಡೆ, ಅಲುಗದವನ್ನು ಒಂದು ಕಡೆ ಇಟ್ಟರು. ಅಲುಗಿದವು ಕಡಿಮೆ.

ಕೋಳಿಗಳ ದಾರ ಬಿಚ್ಚಿದರು. ಎರಡು ಹೋಗಿ ಕಾಳು ಹೆಕ್ಕತೊಡಗಿದವು. ಅವಕ್ಕೆ ಬೇರೆ ಲೋಕ ತೆರೆದಿತ್ತು. ಮೂರನೆಯದು, ಕತ್ತಿನ ಗರಿ ಉದುರಿದ ಒಂದು ಕಂದು ಕೋಳಿ, ನೀರು ತೊಟ್ಟಿಕ್ಕುತ್ತ, ಕಾಲಿಗೆ ಸಿಕ್ಕಿದ್ದ ದಾರ ಎಳೆಯುತ್ತ, ಅಂಗಳ ದಾಟಿ, ಹೊಸ್ತಿಲು ಹತ್ತಿ, ಬರಿದಾಗಿದ್ದ ಬುಟ್ಟಿಯೊಳಗೆ ಹೋಗಿ ಕುಳಿತಿತು. ಕೆಳಗೆ ಏನೂ ಇಲ್ಲವೆಂದು ತಿಳಿದು ಎದ್ದು, ತಿರುಗಿ, ಮತ್ತೆ ಕುಳಿತಿತು. ಪೋಲಮ್ಮ ಅದುವರೆಗೆ ಅತ್ತಿರಲಿಲ್ಲ.

ಒಂದು ಕೋಳಿಗೆ ಹಿಡಿಯುವಷ್ಟನ್ನು ಅದಕ್ಕೆ ಕೊಟ್ಟರು. ಉಳಿದವುಗಳಿಗೆ ಬಿಸಿಲೇ ತಾಯಿ. ನಸುಕಿನ ತಂಪಿಗೆ ಹುಲಿಗೆವ್ವ ಯಲಬುರ್ಗಾದಿಂದ ನಾನು ತಂದಿದ್ದ ಕಂಬಳಿ ಹೊದಿಸಿ, ಪಕ್ಕದಲ್ಲಿ ಮೈ ತಾಗಿಸಿಕೊಂಡು ಮಲಗುವಳು. ಮಧ್ಯಾಹ್ನದ ಉರಿಗೆ ನಾಗವ್ವ ಕೂತು ಒದ್ದೆ ಅರಿವೆಯಿಂದ ಗಾಳಿ ಬೀಸುವಳು. ಯಾರು ಕೈ ಚಾಚಿದರೂ ಆ ಅರಿವೆ ಬಿಟ್ಟುಕೊಡಲಿಲ್ಲ. ಮೊಟ್ಟೆ ತಿರುಗಿಸುವ ಕೆಲಸ ನನ್ನದು. ಹುಲಿಗೆವ್ವ ಕಾವಿಗೆ ಕುಂತಾಳ ಎಂಬ ಸುದ್ದಿ ಬಾವಿಯ ಕಟ್ಟೆಯಲ್ಲಿ ಹರಡಿತು. ಅವಳ ಗಂಡನ ಗೆಳೆಯರು ಮರಿ ಯಾವಾಗ, ಹೆಸರೇನಿಡುತ್ತೀಯೆಂದು ಅವನನ್ನು ಕೇಳಿ ಕೇಳಿ ದಣಿಸಿದರು. ಆ ವಾರದಷ್ಟು ದೊಡ್ಡ ವಾರವನ್ನು ನಾನು ಮತ್ತೆ ಕಾಣಲಿಲ್ಲ.

ಒಡೆದವು. ಎಲ್ಲ ಅಲ್ಲ, ಆದರೆ ಒಂದು ಬುಟ್ಟಿ ತುಂಬುವಷ್ಟು ಹಳದಿ ಮರಿಗಳು. ಪಾಲಿನ ಮಾತು ಬಂದಾಗ ನಾಗವ್ವ, “ಪಾಲು ಕೇಳೂದಿದ್ರ ಆ ಕೋಳಿ ಕೇಳಬೇಕು, ನಾವೇನು ತತ್ತಿ ಇಟ್ಟೀವಾ, ಕುಂತೀವಾ” ಎಂದು ಮುಗಿಸಿಬಿಟ್ಟಳು. ಮುಂಗಾರಿನ ಮೊದಲ ಮೋಡಕ್ಕೆ ಸುಬ್ಬಯ್ಯ ಬಂದ. ಮರಿಗಳ ಬುಟ್ಟಿ ಹೊತ್ತು ಇಬ್ಬರೂ ಗಂಗಾವತಿಯ ಬಸ್ಸು ಹತ್ತಿದರು. ಹುಲಿಗೆವ್ವ, ಪೋಲಮ್ಮ ಇಬ್ಬರೂ ಬಸ್ಸು ಹೊರಡುವವರೆಗೆ ಬಸ್ಸಿನ ಬಗ್ಗೆಯೇ ಮಾತಾಡಿದರು. ಕಂದು ಕೋಳಿ ಆಮೇಲೆ ಬಹಳ ದಿನ ಮೂಲೆ ಮೂಲೆಗೆ ಹೋಗಿ ಮರಿಗಳನ್ನು ಕರೆಯುವ ದನಿಯಲ್ಲಿ ಕರೆಯುತ್ತಿತ್ತು. ಸಿಟ್ಟಿನ ದನಿಯಲ್ಲ, ಇಲ್ಲಿ ಹುಳ ಸಿಕ್ಕಿದೆ, ಬನ್ನಿ ಎನ್ನುವ ದನಿ.

ಮರುವರ್ಷದ ಸುಗ್ಗಿಗೆ ಪೋಲಮ್ಮ ಬಂದಳು, ಸಣ್ಣ ಹಿಂಡಿನೊಡನೆ. ಓಣಿಯ ತಿರುವಿನಲ್ಲಿ ಹಿಂಡು ಕಾಲುವೆಯ ಕಡೆ ತಿರುಗಬೇಕಾದಾಗ ಕೆಲವು ಬಾತುಗಳು ಬೇರೆಯಾಗಿ ನೇರ ಹುಲಿಗೆವ್ವನ ಅಂಗಳಕ್ಕೆ ನಡೆದು ಬಂದವು. ನೆನಪಿನಿಂದ ಬಂದವೆಂದು ಹುಲಿಗೆವ್ವ ಎಲ್ಲರಿಗೂ ಹೇಳಿದಳು. ಅಂಗಳದಲ್ಲಿ ಆಗ ಭತ್ತ ಒಣಹಾಕಿದ್ದರೆಂಬುದನ್ನೂ ನಾನು ಹೇಳಬೇಕು. ಕಂಡದ್ದು ಇಷ್ಟು, ಕಾರಣ ನೀವೇ ಆರಿಸಿಕೊಳ್ಳಿ.

ಹೀಗೆ ಹಲವು ಸುಗ್ಗಿ. ಆಮೇಲೆ ನನಗೆ ವರ್ಗವಾಯಿತು. ಕೆಲವು ವರ್ಷ ಎರಡನೆಯ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ; ಗದ್ದೆಯಿಲ್ಲದೆ ಬಾತಿಲ್ಲ. ಮತ್ತೆ ನೀರು ಬಂದಾಗ ಬೇರೆ ಬಾತಿನವರು ಬಂದರು, ಪೋಲಮ್ಮ ಬರಲಿಲ್ಲ. ಬಂದವರನ್ನು ಹುಲಿಗೆವ್ವ ಕೇಳಿದಳಂತೆ. ನೆಲ್ಲೂರು ದೊಡ್ಡದು, ಪೋಲಮ್ಮಂದಿರು ಬಹಳ ಎಂದರಂತೆ.

ಇವತ್ತು ಬೆಳಿಗ್ಗೆ ನಮ್ಮ ತಂತಿಯ ಮೇಲೆ ಚಾತಕದ ಮರಿ ಇರಲಿಲ್ಲ. ರೆಕ್ಕೆ ಬಲಿತು ಹಾರಿರಬೇಕು. ಹರಟೆಮಲ್ಲವೊಂದು ಕೊಕ್ಕಿನಲ್ಲಿ ಹುಳ ಹಿಡಿದು, ಅದು ಕೂರುತ್ತಿದ್ದ ಜಾಗದಲ್ಲಿ ಬಂದು ಕುಳಿತು, ಆಚೆ ಈಚೆ ನೋಡಿ, ಸ್ವಲ್ಪ ಹೊತ್ತು ಕಾದು, ಕೊನೆಗೆ ತಾನೇ ತಿಂದು ಹೋಯಿತು. ಯಾವ ಮನೆ ಬೇಕೆಂದು ಚಾತಕ ಹೇಗೆ ಆರಿಸುತ್ತದೆಂದು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಒಮ್ಮೆ ಆರಿಸಿಕೊಂಡು ಹೋದ ಮೇಲೆ ಆ ಮನೆಗೆ ಏನಾಗುತ್ತದೆಂದು ಪುಸ್ತಕದಲ್ಲಿ ಹುಡುಕಿದೆ. ಅದರ ಬಗ್ಗೆ ಯಾರೂ ಏನೂ ಬರೆದಂತಿಲ್ಲ.

ನನಗೆ ಗೊತ್ತಿರುವುದು ಒಂದೇ ಮನೆ. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆ. ನಾಗವ್ವ ಈಗಿಲ್ಲ. ಹುಲಿಗೆವ್ವನ ಕೂದಲು ಬೆಳ್ಳಗಾಗಿದೆ, ತಗಡು ಹೋಗಿ ಸಿಮೆಂಟು ಬಂದಿದೆ. ಕೊಯ್ಲು ನಡೆದಿತ್ತು. ಪಡಸಾಲೆಯ ಮೂಲೆಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಗರಿ ಕೆದರಿದ ಕೋಳಿ. ಎಷ್ಟು ಮೊಟ್ಟೆ ಇಟ್ಟಿದ್ದೀಯೆಂದು ಕೇಳಿದೆ. ಅವಳು ಕೋಳಿಯನ್ನು ಒಂದು ಕೈಯಿಂದ ಸ್ವಲ್ಪ ಎತ್ತಿ ತೋರಿಸಿದಳು. ಕೆಳಗೆ ಇದ್ದವು ಹೊಳೆಯ ನುಣುಪಾದ ಬಿಳಿ ಕಲ್ಲುಗಳು.

“ತತ್ತಿ ಅಲ್ರಿ ಅಕ್ಕೋರ” ಎಂದಳು. “ಸುಗ್ಗಿಯೊಳಗ ಯಾವ ಕೋಳಿ ಕಾವಿಗೆ ಕುಂತ್ರೂ ನಾ ಎಬ್ಬಸಂಗಿಲ್ರಿ. ಒಂದು ದಣಿದ್ರ ಇನ್ನೊಂದು ಕೂಡ್ರಸ್ತೀನಿ. ಆಕಿ ತತ್ತಿ ಹಿಡ್ಕೊಂಡು ಬಂದು ಬಾಗಲದಾಗ ನಿಂತ್ರ, ಕೋಳಿ ಇಲ್ಲ ಅನ್ನಂಗ ಆಗಬಾರದಲ್ರಿ.”

ನಾನು ಕೈ ಚಾಚಿ ಒಂದು ಕಲ್ಲನ್ನು ಮುಟ್ಟಿದೆ. ಬೆಚ್ಚಗಿತ್ತು.